ಮನೆಯಂಗಳದಲ್ಲೇ ಬ್ರೇಕ್ ಡಿಸ್ಕ್ ಬದಲಾಯಿಸಬಹುದೇ?

ಪ್ರಶ್ನೆ: ನಾನು ಬದಿಯಡ್ಕದ ಸಮೀಪ ಅಡಿಕೆ ತೋಟ ನೋಡಿಕೊಂಡಿರುವ ಕೃಷಿಕ. ನನ್ನಲ್ಲಿ ಎಂಟು ವರ್ಷ ಹಳೆಯ, ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿರುವ ಸಣ್ಣ ಪೆಟ್ರೋಲ್ ಕಾರು ಇದೆ. ಇತ್ತೀಚೆಗೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಬರುವಾಗ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತಿತ್ತು. ಮುಂದಿನ ಎರಡೂ ಡಿಸ್ಕ್ ಬೆಂಡ್ ಆಗಿವೆ, ಬದಲಾಯಿಸಬೇಕು ಎಂದು ಗ್ಯಾರೇಜಿನವರು ಹೇಳಿದರು. ಆದರೆ ವರ್ಷದ ಹಿಂದೆಯಷ್ಟೇ ಇನ್ನೊಂದು ಕಡೆ ಹೊಸ ಡಿಸ್ಕ್ ಹಾಕಿಸಿದ್ದೆ. ಪಂಪ್‌ಸೆಟ್, ಟಿಲ್ಲರ್‌ಗಳ ರಿಪೇರಿಯನ್ನು ನಾನೇ ಮಾಡಿಕೊಳ್ಳುತ್ತೇನೆ. ಸ್ಪ್ಯಾನರ್ ಸೆಟ್ ಕೂಡ ಇದೆ. ಈ ಕೆಲಸವನ್ನು ಮನೆಯಲ್ಲೇ ಮಾಡಬಹುದೇ? ಏನೇನು ಗಮನಿಸಬೇಕು?

ಉತ್ತರ: ಮಾಡಬಹುದು. ಪಂಪ್‌ಸೆಟ್ ಬಿಚ್ಚಿ ಜೋಡಿಸಿದ ಕೈಗೆ ಮುಂದಿನ ಚಕ್ರದ ಡಿಸ್ಕ್ ಬದಲಾಯಿಸುವುದು ಹೊಸ ವಿದ್ಯೆಯಲ್ಲ. ಚಕ್ರ ತೆಗೆದ ಮೇಲೆ ಹೆಚ್ಚಿನ ಸಣ್ಣ ಕಾರುಗಳಲ್ಲಿ ಪ್ರತಿ ಬದಿಗೆ ನಾಲ್ಕೇ ಬೋಲ್ಟ್‌ಗಳ ಕೆಲಸ ಅದು. ಆದರೆ ವರ್ಷದ ಹಿಂದೆ ಹಾಕಿಸಿದ ಡಿಸ್ಕ್ ಇಷ್ಟು ಬೇಗ ನಡುಗತೊಡಗಿದ್ದು ಏಕೆ ಎಂಬುದನ್ನು ತಿಳಿಯದೆ ಮತ್ತೊಂದು ಜೊತೆ ತಂದು ಹಾಕಿದರೆ ಬರುವ ವರ್ಷವೂ ನೀವು ಇದೇ ಪ್ರಶ್ನೆ ಕೇಳಬೇಕಾದೀತು. ನನ್ನ ಅಭಿಪ್ರಾಯದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಇರುವುದು ಹಳೆಯ ಡಿಸ್ಕ್ ತೆಗೆದ ಮೇಲೆ ಕಾಣುವ, ಡಿಸ್ಕ್ ಮತ್ತು ಚಕ್ರ ಕೂರುವ ಹಬ್‌ನ ಮುಖವನ್ನು ಸ್ವಚ್ಛಗೊಳಿಸುವುದರಲ್ಲಿ. ಅವಸರದ ಗ್ಯಾರೇಜಿನಲ್ಲಿ ಬಿಟ್ಟುಹೋಗುವುದೂ ಅದೇ. ಮನೆಯಲ್ಲಿ ಪುರುಸೊತ್ತಾಗಿ ಮಾಡುವವನಿಗೆ ಇರುವ ನಿಜವಾದ ಅನುಕೂಲವೂ ಅಲ್ಲೇ ಇದೆ.

ಮೊದಲು ನಡುಕ ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬ್ರೇಕ್ ಮುಟ್ಟದೆ ಎಂಬತ್ತು ತೊಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗುವುದಾದರೆ ಅದು ಹೆಚ್ಚಾಗಿ ವೀಲ್ ಬ್ಯಾಲೆನ್ಸಿಂಗ್‌ನ ದೋಷ ಅಥವಾ ಟಯರಿನ ದೋಷ. ಡಿಸ್ಕ್ ಬದಲಾಯಿಸಿದರೆ ಅದು ಹೋಗದು. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿ, ಪೆಡಲ್ ಕಾಲಡಿಯಲ್ಲಿ ಮಿಡಿದಂತಾದರೆ ಮುಂದಿನ ಡಿಸ್ಕ್‌ಗಳ ಮೇಲೆ ಸಂಶಯಪಡಬಹುದು. ಸ್ಟೀರಿಂಗ್ ಸುಮ್ಮನಿದ್ದು ಸೀಟು ಮತ್ತು ಪೆಡಲ್ ಮಾತ್ರ ಅದುರಿದರೆ ಹಿಂದಿನ ಡ್ರಮ್ಮುಗಳನ್ನು ನೋಡಬೇಕು. ಇದನ್ನು ಪರೀಕ್ಷಿಸಲು ನಿರ್ಜನವಾದ, ಒಣಗಿದ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿರುವಾಗ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಹಿಡಿದೇ ಲಿವರನ್ನು ನಿಧಾನವಾಗಿ ಎತ್ತಿ ನೋಡಬಹುದು. ಆಗ ಅದುರಿದರೆ ದೋಷ ಹಿಂದೆ ಇದೆ. ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ಆರ್ಮಿನ ರಬ್ಬರ್ ಬುಷ್ ಹರಿದಿದ್ದರೆ ಅಥವಾ ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಡಿಸ್ಕಿನ ಅತಿ ಸಣ್ಣ ದೋಷವೂ ಸ್ಟೀರಿಂಗಿನಲ್ಲಿ ದೊಡ್ಡದಾಗಿ ಕೇಳಿಸುತ್ತದೆ. ಆದ್ದರಿಂದ ಚಕ್ರ ಎತ್ತಿದ ಮೇಲೆ ಅವುಗಳನ್ನೂ ಅಲುಗಿಸಿ ನೋಡುವುದು ಒಳ್ಳೆಯದು.

ಇನ್ನು ‘ಬೆಂಡ್ ಆಗಿದೆ’ ಎಂಬ ಮಾತಿನ ವಿಚಾರ. ಎರಕದ ಕಬ್ಬಿಣದ ಡಿಸ್ಕ್ ಸಾಮಾನ್ಯ ಓಡಾಟದ ಬಿಸಿಗೆ ಬಾಗಿ ಕೂರುವುದು ಅಪರೂಪ. ನಡೆಯುವುದು ಬೇರೆಯೇ. ಡಿಸ್ಕ್ ತನ್ನ ಅಚ್ಚಿಗೆ ಸರಿಯಾಗಿ ಕೂರದೆ ಕೂದಲೆಳೆಯಷ್ಟು ಓರೆಯಾಗಿ ಕುಳಿತಿದ್ದರೆ, ಅದು ತಿರುಗುವಾಗ ಒಂದು ಬದಿ ಒಳಗೆ, ಎದುರಿನ ಬದಿ ಹೊರಗೆ ಹೊಯ್ದಾಡುತ್ತದೆ. ಬ್ರೇಕ್ ಒತ್ತದೆ ಇರುವಾಗಲೂ ಪ್ರತಿ ಸುತ್ತಿನಲ್ಲಿ ಹೊರಚಾಚಿದ ಆ ಭಾಗ, ಡಿಸ್ಕನ್ನು ಎರಡೂ ಕಡೆಯಿಂದ ಅದುಮುವ ಪ್ಯಾಡಿಗೆ ತಗಲಿ ತಗಲಿ ಸವೆಯುತ್ತದೆ. ಇನ್ನೊಂದೆಡೆ ಪ್ಯಾಡಿನ ವಸ್ತು ಡಿಸ್ಕಿಗೆ ಅಂಟಿಕೊಂಡು ಪದರ ಕಟ್ಟುತ್ತದೆ. ಕೆಲವು ಸಾವಿರ ಕಿಲೋಮೀಟರ್ ಹೀಗೆ ಓಡಿದ ಮೇಲೆ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಆಗಿ ಉಳಿಯುವುದಿಲ್ಲ. ಆ ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟಾದರೂ ಸಾಕು, ಬ್ರೇಕ್ ಒತ್ತಿದಾಗ ಪ್ಯಾಡನ್ನು ತಳ್ಳುವ ಕ್ಯಾಲಿಪರಿನ ಪಿಸ್ಟನ್ ಹಿಂದೆ ಮುಂದೆ ತಳ್ಳಲ್ಪಟ್ಟು ಪೆಡಲ್ ಮಿಡಿಯುತ್ತದೆ, ಸ್ಟೀರಿಂಗ್ ನಡುಗುತ್ತದೆ. ಹೊಸ ಡಿಸ್ಕ್ ಹಾಕಿದ ದಿನ ಎಲ್ಲವೂ ನುಣುಪಾಗಿದ್ದು ತಿಂಗಳುಗಳ ಬಳಿಕ ನಡುಕ ಶುರುವಾಗುವುದಕ್ಕೆ ಇದೇ ಕಾರಣ. ಆಗ ಡಿಸ್ಕಿನ ಕಂಪನಿಯನ್ನು ದೂರುವವರೇ ಹೆಚ್ಚು. ಡಿಸ್ಕಿನ ಬೆನ್ನಿಗೆ ಏನಿತ್ತು ಎಂದು ನೋಡುವವರು ಕಡಿಮೆ.

ಡಿಸ್ಕಿನ ಬೆನ್ನಿಗೆ ಇರುವುದು ತುಕ್ಕು. ಒಂದು ಸರಳ ಲೆಕ್ಕ ನೋಡಿ. ಹಬ್‌ನ ಮುಖದ ವ್ಯಾಸ ಸುಮಾರು 140 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ಅಂಚಿನಲ್ಲಿ 0.05 ಮಿಲಿಮೀಟರ್ ದಪ್ಪದ ತುಕ್ಕಿನ ಒಂದು ಹಳುಕು ಸಿಕ್ಕಿಕೊಂಡಿದ್ದರೆ, 220 ಮಿಲಿಮೀಟರ್ ವ್ಯಾಸದಲ್ಲಿ ಪ್ಯಾಡ್ ಮುಟ್ಟುವ ಜಾಗಕ್ಕೆ ಬರುವಾಗ ಆ ಓರೆ ಸುಮಾರು 0.08 ಮಿಲಿಮೀಟರ್ ಆಗುತ್ತದೆ. ಕಣ್ಣಿಗೆ ಕಾಣದ ಒಂದು ಹಳುಕು ಹೊಸ ಡಿಸ್ಕನ್ನು ಹಾಳುಮಾಡಲು ಸಾಕೆಂದು ಇದರಿಂದ ತಿಳಿಯುತ್ತದೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈ ಸಮಸ್ಯೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಮಳೆ, ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಉಪ್ಪು ಬೆರೆತ ಕಡಲಗಾಳಿ, ಒಳನಾಡಿನಲ್ಲಿ ಚಕ್ರಕ್ಕೆ ಮೆತ್ತಿಕೊಳ್ಳುವ ಕೆಂಪು ಮಣ್ಣು, ಇವೆಲ್ಲ ಸೇರಿ ಹಬ್‌ನ ಮುಖದಲ್ಲಿ ಪದರ ಪದರವಾಗಿ ತುಕ್ಕು ಏಳುತ್ತದೆ. ಇನ್ನೊಂದು ಕಾರಣ, ಮನೆಯ ಯಜಮಾನರು ಗಲ್ಫಿನಲ್ಲಿದ್ದು ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವುದು. ಹಾಗೆ ನಿಂತ ಕಾರಿನಲ್ಲಿ ಪ್ಯಾಡ್ ಕಚ್ಚಿಕೊಂಡಿದ್ದ ಜಾಗದ ಗುರುತು ಡಿಸ್ಕಿನ ಮೇಲೆ ಅಚ್ಚೊತ್ತಿದಂತೆ ಉಳಿಯುತ್ತದೆ. ಉಳಿದೆಡೆ ತುಕ್ಕು ತಿಂದು ಗುಳಿ ಬಿದ್ದಿರುತ್ತದೆ. ಮಳೆಗಾಲದ ರಾತ್ರಿಯೊಂದರಲ್ಲಿ ಡಿಸ್ಕಿನ ಮೇಲೆ ಬರುವ ತೆಳು ಕೇಸರಿ ಬಣ್ಣಕ್ಕೆ ಮಾತ್ರ ಹೆದರಬೇಕಾಗಿಲ್ಲ. ಬೆಳಗ್ಗೆ ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಅದು ಹೋಗುತ್ತದೆ.

ಈಗ ನಿಮ್ಮ ಡಿಸ್ಕ್‌ಗಳನ್ನು ನಿಜವಾಗಿಯೂ ಬದಲಾಯಿಸಲೇಬೇಕೇ ಎಂದು ಅಳೆದು ತೀರ್ಮಾನಿಸಿ. ಪ್ರತಿ ಡಿಸ್ಕಿನ ಅಂಚಿನಲ್ಲೋ, ನಡುವಿನ ಟೊಪ್ಪಿಯಂತಹ ಭಾಗದಲ್ಲೋ ಅದು ಎಷ್ಟು ತೆಳ್ಳಗಾಗುವ ತನಕ ಬಳಸಬಹುದು ಎಂಬ ಅಂಕಿಯನ್ನು ಒತ್ತಿರುತ್ತಾರೆ. ತುಕ್ಕಿನಡಿ ಮುಚ್ಚಿಹೋಗಿರುತ್ತದೆ, ತಂತಿ ಬ್ರಷ್‌ನಿಂದ ಉಜ್ಜಿದರೆ ಕಾಣುತ್ತದೆ. ಸಣ್ಣ ಕಾರುಗಳ ಗಾಳಿಯಾಡುವ ಮುಂದಿನ ಡಿಸ್ಕ್‌ಗಳಲ್ಲಿ ಹೊಸದರ ದಪ್ಪಕ್ಕೂ ಈ ಮಿತಿಗೂ ಸಾಮಾನ್ಯವಾಗಿ ಎರಡು ಮಿಲಿಮೀಟರಿನಷ್ಟೇ ಅಂತರ. ಅಳೆಯುವಾಗ ವರ್ನಿಯರ್ ಕ್ಯಾಲಿಪರನ್ನು ನೇರವಾಗಿ ಅಂಚಿನಿಂದ ತೂರಿಸಿದರೆ ಸವೆಯದೆ ಉಳಿದ ಹೊರಗಿನ ತುಟಿಯನ್ನೇ ಅಳೆದಂತಾಗಿ ತಪ್ಪು ಅಂಕಿ ಬರುತ್ತದೆ. ಮೈಕ್ರೋಮೀಟರಿನಿಂದ ತುಟಿಯ ಒಳಗೆ, ಸುತ್ತಲೂ ಎಂಟು ಕಡೆ ಅಳೆಯಿರಿ. ದಪ್ಪ ಮಿತಿಗಿಂತ ಸಾಕಷ್ಟು ಮೇಲಿದ್ದು ವ್ಯತ್ಯಾಸ ಮಾತ್ರ ಇದ್ದರೆ, ಹಬ್‌ನ ಮುಖ ಸ್ವಚ್ಛಗೊಳಿಸಿ, ಡಿಸ್ಕನ್ನು ಲೇಥಿನಲ್ಲಿ ಸಮ ಮಾಡಿಸಿ ಮತ್ತೆ ಹಾಕಬಹುದು. ನಿಮ್ಮವು ವರ್ಷದ ಹಿಂದಿನವಾದ್ದರಿಂದ ಈ ಸಾಧ್ಯತೆ ಇದೆ. ಆದರೆ ಸಮ ಮಾಡಿದ ಮೇಲೆ ದಪ್ಪ ಮಿತಿಗಿಂತ ಕೆಳಗೆ ಹೋಗುವುದಾದರೆ, ಗುಳಿ ಆಳವಾಗಿದ್ದರೆ, ಬಿರುಕು ಕಂಡರೆ ಹೊಸತೇ ಆಗಬೇಕು. ಡಿಸ್ಕ್ ತೆಳ್ಳಗಾದಷ್ಟೂ ಬಿಸಿ ತಾಳುವ ಶಕ್ತಿ ಕುಗ್ಗುತ್ತದೆ. ಅದು ಎಷ್ಟು ಮುಖ್ಯ ಎಂಬುದಕ್ಕೆ ನಿಮ್ಮ ಘಾಟಿಯದೇ ಉದಾಹರಣೆ ಕೊಡುತ್ತೇನೆ: ಸಾವಿರ ಕಿಲೋ ತೂಕದ ಕಾರು ನೂರು ಮೀಟರ್ ಎತ್ತರವನ್ನು ಬರಿಯ ಬ್ರೇಕಿನ ಬಲದಿಂದ ಇಳಿದರೆ ಹುಟ್ಟುವ ಬಿಸಿ, ಮೂರು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅದರಲ್ಲಿ ಹೆಚ್ಚಿನ ಪಾಲನ್ನು ಹೊರುವುದು ಮುಂದಿನ ಎರಡು ಡಿಸ್ಕ್‌ಗಳು.

ಕೊಳ್ಳುವಾಗ ಒಂದೇ ಬದಿಗೆ ಹೊಸತು ಹಾಕುವ ಯೋಚನೆ ಬೇಡ. ಎರಡೂ ಬದಿಗೆ, ಹೊಸ ಪ್ಯಾಡ್‌ಗಳ ಸಮೇತ ತನ್ನಿ. ಹಳೆಯ ಡಿಸ್ಕಿನ ಗೀರುಗಳಿಗೆ ಹೊಂದಿಕೊಂಡು ಸವೆದ ಪ್ಯಾಡ್ ಹೊಸ ಡಿಸ್ಕಿಗೆ ಪೂರ್ತಿ ತಗಲುವುದಿಲ್ಲ. ಒಂದೇ ಮಾದರಿಯ ಕಾರಿನಲ್ಲೂ ವರ್ಷದಿಂದ ವರ್ಷಕ್ಕೆ ಡಿಸ್ಕಿನ ವ್ಯಾಸ ಬದಲಾಗಿರುವುದುಂಟು, ಆದ್ದರಿಂದ ಆರ್‌ಸಿಯ ಪ್ರತಿ ಹಿಡಿದುಕೊಂಡು ಹೋಗಿ ಚಾಸಿಸ್ ನಂಬರ್ ತೋರಿಸಿಯೇ ಕೊಳ್ಳಿ. ಬಿಲ್ಲು ಕೇಳಿ ಪಡೆಯಿರಿ. ದಪ್ಪದ ಮಿತಿಯ ಅಂಕಿಯೇ ಇಲ್ಲದ ಡಿಸ್ಕ್ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಕೆಲಸ ಮಾಡುವ ಜಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಬಹುಪಾಲು ಮನೆಗಳು ಗುಡ್ಡದ ಮಗ್ಗುಲಲ್ಲಿರುತ್ತವೆ. ಅಂಗಳ ಸಮತಟ್ಟಾಗಿ ಕಂಡರೂ ನೀರು ಹರಿಯಲೆಂದು ಒಂದು ಕಡೆಗೆ ವಾಟವಾಗಿರುತ್ತದೆ, ಮಳೆಗಾಲದಲ್ಲಿ ಹಾವಸೆ ಕಟ್ಟಿ ಜಾರುತ್ತದೆ. ಒದ್ದೆ ಮಣ್ಣಿನಲ್ಲಿ ಜ್ಯಾಕಿ ನಿಧಾನವಾಗಿ ಹೂತುಹೋಗಿ ಓರೆಯಾಗುತ್ತದೆ. ಮಳೆ ಬಿಟ್ಟ ದಿನ ನೋಡಿ, ಸಿಮೆಂಟ್ ನೆಲದ ಮೇಲೆ ಕೆಲಸ ಮಾಡಿ. ಮಣ್ಣಿನ ಅಂಗಳವೇ ಆಗಬೇಕಾದರೆ ಜ್ಯಾಕಿಗೂ ಸ್ಟ್ಯಾಂಡಿಗೂ ಅಡಿಯಲ್ಲಿ ದಪ್ಪ, ಅಗಲವಾದ ಮರದ ಹಲಗೆ ಇಡಿ. ಅಡಿಕೆ ಒಣಗಿಸುವ ಅಂಗಳ ಸಮವಾಗಿರುತ್ತದೆಂದು ಅಲ್ಲಿ ಮಾಡಲು ಹೊರಡಬೇಡಿ. ಬ್ರೇಕ್ ಆಯಿಲ್ ಮತ್ತು ಪ್ಯಾಡಿನ ಧೂಳು ಬೀಳಬಾರದ ಜಾಗ ಅದು. ಬಾವಿಯ ಕಟ್ಟೆಯಿಂದಲೂ ದೂರವಿರಲಿ. ಹಿಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ; ಕಾರು ಸ್ಟ್ಯಾಂಡಿನ ಮೇಲೆ ಕುಳಿತ ಬಳಿಕ ಡಿಸ್ಕ್ ತಿರುಗಿಸಬೇಕಾದಾಗ ಮಾತ್ರ ನ್ಯೂಟ್ರಲಿಗೆ ತನ್ನಿ. ಚಕ್ರದ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಕಾಲು ಸುತ್ತಿನಷ್ಟು ಸಡಿಲಿಸಿದ ಬಳಿಕ ಎತ್ತಿ. ಕಾರಿನೊಂದಿಗೆ ಬಂದ ಜ್ಯಾಕಿ ಎತ್ತುವುದಕ್ಕೆ ಮಾತ್ರ. ಕಾರನ್ನು ಹೊತ್ತು ನಿಲ್ಲಬೇಕಾದ್ದು ಸ್ಟ್ಯಾಂಡ್. ಮುರಕಲ್ಲಿನ ತುಂಡು, ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳ ಮೇಲೆ ಕಾರನ್ನು ನಿಲ್ಲಿಸುವುದನ್ನು ಅನೇಕ ಕಡೆ ನೋಡುತ್ತೇವೆ. ಅವು ಭಾರಕ್ಕೆ ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ತೆಗೆದ ಚಕ್ರವನ್ನು ಕಾರಿನ ಬದಿಯ ಪಟ್ಟಿಯಡಿ ಮಲಗಿಸಿಟ್ಟರೆ ಇನ್ನೊಂದು ಭದ್ರತೆ.

ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಿ. ಜೋಡಿಸುವಾಗ ಸಂಶಯ ಬಂದರೆ ನೋಡಿಕೊಳ್ಳಲು ಎದುರಿನ ಬದಿ ಹಾಗೆಯೇ ಇರುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಪ್ಯಾಡ್ ಸವೆದಾಗ ಕಿರುಗುಟ್ಟುವ ಸಣ್ಣ ತಗಡು ಯಾವ ಪ್ಯಾಡಿನ ಯಾವ ತುದಿಯಲ್ಲಿದೆ ಎಂಬುದನ್ನೂ ಸೇರಿಸಿ. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಅಗ್ಗದ ಪ್ಯಾಡ್‌ಗಳಲ್ಲಿ ಕಲ್ನಾರು ಇರಬಹುದು. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ, ಮಾಸ್ಕ್ ಧರಿಸಿ ಬಟ್ಟೆಯಿಂದ ಒರೆಸಿ. ಕ್ಯಾಲಿಪರಿನ ಎರಡು ಪಿನ್ ಬೋಲ್ಟ್‌ಗಳು ಸಾಮಾನ್ಯವಾಗಿ 12 ಅಥವಾ 14ರ ಸ್ಪ್ಯಾನರಿಗೆ, ಕ್ಯಾಲಿಪರನ್ನು ಹೊರುವ ಬ್ರಾಕೆಟ್ಟಿನ ಎರಡು ದಪ್ಪ ಬೋಲ್ಟ್‌ಗಳು ಹೆಚ್ಚಾಗಿ 17ರ ಸಾಕೆಟ್ಟಿಗೆ ಬರುತ್ತವೆ. ಬ್ರಾಕೆಟ್ಟಿನ ಬೋಲ್ಟ್ ಬಿಗಿಯಾಗಿರುವುದರಿಂದ ರಿಂಗ್ ಇಲ್ಲವೇ ಸಾಕೆಟ್ ಬಳಸಿ, ತೆರೆದ ಬಾಯಿಯ ಸ್ಪ್ಯಾನರ್ ಹಾಕಿ ತಲೆ ಉರುಟು ಮಾಡಿಕೊಳ್ಳಬೇಡಿ. ಬಿಡಿಸಿದ ಕ್ಯಾಲಿಪರನ್ನು ರಬ್ಬರ್ ಹೋಸಿನಲ್ಲಿ ನೇತಾಡಲು ಬಿಡದೆ ಜಿ.ಐ. ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಕ್ಯಾಲಿಪರ್ ಹೊರಗಿರುವ ತನಕ ಯಾರೂ ಬ್ರೇಕ್ ಪೆಡಲ್ ತುಳಿಯಬಾರದು, ತುಳಿದರೆ ಪಿಸ್ಟನ್ನೇ ಹೊರಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕಾರಿನ ಬಾಗಿಲಿಗೆ ಬೀಗ ಹಾಕಿಡಿ.

ಹಳೆಯ ಡಿಸ್ಕ್ ಹಬ್ಬಿಗೆ ಕಚ್ಚಿ ಕೂತಿರುವುದೇ ಹೆಚ್ಚು. ಮೊದಲು ಡಿಸ್ಕನ್ನು ಹಿಡಿದ ಸಣ್ಣ ಸ್ಕ್ರೂ ಇದ್ದರೆ ತೆಗೆಯಿರಿ. ಬಹಳಷ್ಟು ಡಿಸ್ಕ್‌ಗಳ ಮುಖದಲ್ಲಿ 8 ಮಿಲಿಮೀಟರ್ ಬೋಲ್ಟ್ ಕೂರುವ, ಥ್ರೆಡ್ ಇರುವ ಎರಡು ತೂತುಗಳಿರುತ್ತವೆ. ಅವುಗಳಿಗೆ ಬೋಲ್ಟ್ ಹಾಕಿ ಒಂದೊಂದನ್ನೂ ಅರ್ಧ ಸುತ್ತಿನಂತೆ ಸರದಿಯಲ್ಲಿ ತಿರುಗಿಸಿದರೆ ಡಿಸ್ಕ್ ತಾನಾಗಿ ಎದ್ದುಬರುತ್ತದೆ. ತೂತುಗಳಿಲ್ಲದಿದ್ದರೆ ಚಕ್ರದ ನಟ್ ಕೂರುವ ಸ್ಟಡ್‌ಗಳ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, ಡಿಸ್ಕ್ ತಿರುಗಿಸುತ್ತಾ ಸುತ್ತಿಗೆಯಿಂದ ಟೊಪ್ಪಿಯ ಭಾಗಕ್ಕೆ ತಟ್ಟಿ. ಮತ್ತೆ ಬಳಸುವ ಡಿಸ್ಕ್ ಆದರೆ ಪ್ಯಾಡ್ ಉಜ್ಜುವ ಮುಖಕ್ಕೆ ಹೊಡೆಯಬಾರದು. ಸತತವಾದ ಬಲವಾದ ಹೊಡೆತ ವೀಲ್ ಬೇರಿಂಗಿಗೂ ಒಳ್ಳೆಯದಲ್ಲ.

ಡಿಸ್ಕ್ ಕಳಚಿದ ಕ್ಷಣ ಕಾಣುವುದನ್ನು ಚೆನ್ನಾಗಿ ನೋಡಿ. ಹಬ್‌ನ ಮುಖ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊರ ಅಂಚಿನ ಸುತ್ತ ತುಕ್ಕು ಉಬ್ಬಿ ಬಳೆಯಂತೆ ಎದ್ದಿರುತ್ತದೆ, ಪ್ರತಿ ಸ್ಟಡ್ಡಿನ ಬುಡದಲ್ಲಿ ಹಳುಕುಗಳು ಗಂಟುಕಟ್ಟಿರುತ್ತವೆ, ನಡುವಿನ ಎತ್ತರಿಸಿದ ದುಂಡು ಭಾಗ ಮುಖವನ್ನು ಸೇರುವ ಮೂಲೆಯಲ್ಲಿ ಕೆಂಪು ಮಣ್ಣೂ ತುಕ್ಕೂ ಬೆರೆತು ಗಟ್ಟಿಯಾಗಿರುತ್ತವೆ. ಹಳೆಯ ಡಿಸ್ಕಿನ ಒಳಮುಖವನ್ನು ತಿರುಗಿಸಿ ನೋಡಿದರೆ ಆ ಉಬ್ಬುಗಳು ಒತ್ತಿದ ಗುರುತುಗಳು ಹೊಳೆಯುತ್ತಿರುತ್ತವೆ. ಉಳಿದ ಮುಖ ಮಂಕಾಗಿದ್ದು ಎರಡು ಮೂರು ಕಡೆ ಮಾತ್ರ ಹೊಳೆದರೆ, ನಿಮ್ಮ ನಡುಕದ ಕಾರಣ ಅಲ್ಲೇ ಸಿಕ್ಕಿತೆಂದು ತಿಳಿಯಿರಿ. ತಂತಿ ಬ್ರಷ್, ಅದರ ಬಳಿಕ ಎಮರಿ ಕಾಗದ; ಸ್ಟಡ್ಡಿನ ಬುಡಕ್ಕೆ ಹಳೆಯ ಸ್ಕ್ರೂಡ್ರೈವರಿನ ತುದಿ ಮತ್ತು ಹಲ್ಲುಜ್ಜುವ ಬ್ರಷ್‌ನಷ್ಟು ಸಣ್ಣ ತಂತಿ ಬ್ರಷ್. ಡ್ರಿಲ್ಲಿಗೆ ತಂತಿಯ ಬ್ರಷ್ ಸಿಕ್ಕಿಸಿ ಉಜ್ಜಬಹುದು, ಕನ್ನಡಕ ಧರಿಸಿ. ಕಲ್ಲಿನ ಚಕ್ರ ಹಾಕಿದ ಗ್ರೈಂಡರ್ ಮಾತ್ರ ಬೇಡ. ಅದು ತುಕ್ಕಿನೊಂದಿಗೆ ಉಕ್ಕನ್ನೂ ತಿಂದು ಮುಖವನ್ನೇ ಓರೆ ಮಾಡುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಸೆನ್ಸರನ್ನು ಬಟ್ಟೆಯಿಂದ ಮುಚ್ಚಿ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ, ಅದಕ್ಕಿಂತ ಹಳೆಯದರಲ್ಲೂ ಇರಬಹುದು. ಬೆರಳಿನ ತುದಿಯನ್ನು ಮುಖದ ಮೇಲೆ ಆಡಿಸಿದಾಗ ಎಲ್ಲೂ ತಡೆಯಬಾರದು, ನೇರ ಅಂಚಿನ ಸ್ಟೀಲ್ ಸ್ಕೇಲ್ ಇಟ್ಟಾಗ ಎಲ್ಲೂ ಬೆಳಕು ಇಣುಕಬಾರದು. ಇದಕ್ಕೆ ಒಂದು ಬದಿಗೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಬಳಿಕ ನಡುವಿನ ದುಂಡು ಭಾಗಕ್ಕೆ ಮಾತ್ರ ಆಂಟಿ-ಸೀಜ್ ಪೇಸ್ಟನ್ನು ತೆಳ್ಳಗೆ ಸವರಿ. ಡಿಸ್ಕ್ ಕೂರುವ ಮುಖ ಒಣಗಿಯೇ ಇರಲಿ. ಚಕ್ರದ ರಿಮ್ಮಿನ ಒಳಮುಖದಲ್ಲೂ ತುಕ್ಕೋ ಮಣ್ಣೋ ಇದ್ದರೆ ಅದನ್ನೂ ತೆಗೆಯಿರಿ.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಬಳಿದಿರುತ್ತಾರೆ. ಅದನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ. ಕ್ಲೀನರ್ ಸಿಗದಿದ್ದರೆ ಪಾತ್ರೆ ತೊಳೆಯುವ ಸಾಬೂನು ಮತ್ತು ಬಿಸಿನೀರಿನಿಂದ ತೊಳೆದು ತಕ್ಷಣ ಒಣಗಿಸಿದರೂ ಆಗುತ್ತದೆ. ಡೀಸೆಲ್, ಸೀಮೆಎಣ್ಣೆ ಜಿಡ್ಡು ಉಳಿಸುತ್ತವೆ; ಪೆಟ್ರೋಲ್ ಬೆಂಕಿಯ ಅಪಾಯ. ಡಿಸ್ಕನ್ನು ಕೂರಿಸಿ, ಚಕ್ರದ ನಟ್‌ಗಳನ್ನು ವಾಷರ್ ಸಮೇತ ಹಾಕಿ ಬಿಗಿಗೊಳಿಸಿ, ಅತಿ ಸಣ್ಣ ಓಲಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜಿನ ಮೂತಿಯನ್ನು ಹೊರ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ತಾಗಿಸಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಗೇಜು ನಿಮ್ಮಲ್ಲಿಲ್ಲದಿದ್ದರೆ ಲೇಥಿನವರಲ್ಲಿ ಇರುತ್ತದೆ, ಪರಿಚಯದವರಾದರೆ ಒಂದು ದಿನಕ್ಕೆ ಕೊಟ್ಟಾರು. ಮುಳ್ಳಿನ ಒಟ್ಟು ಓಲಾಟ 0.05 ಮಿಲಿಮೀಟರಿನ ಒಳಗಿದ್ದರೆ ಕೆಲಸ ಉತ್ತಮವಾಗಿದೆ, 0.1ರ ಹತ್ತಿರ ಬಂದರೆ ಡಿಸ್ಕ್ ಕಳಚಿ, ಒಂದು ಸ್ಟಡ್ಡಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಯಾವ ಸ್ಥಾನದಲ್ಲೂ ಕಡಿಮೆಯಾಗದಿದ್ದರೆ ಹಬ್ಬೋ ಬೇರಿಂಗೋ ಕೆಟ್ಟಿದೆ ಎಂದೇ ಅರ್ಥ. ಆಗ ಡಿಸ್ಕಿಗೆ ಹಣ ಸುರಿದು ಪ್ರಯೋಜನವಿಲ್ಲ.

ಮುಂದಿನದು ಕ್ಯಾಲಿಪರ್ ಜಾರುವ ಪಿನ್‌ಗಳು. ನಮ್ಮ ಹವೆಯಲ್ಲಿ ಇವುಗಳ ರಬ್ಬರ್ ಟೊಪ್ಪಿ ಹರಿದು ನೀರು ಹೋಗಿ, ಒಳಗಿನ ಗ್ರೀಸ್ ಒಣಗಿ ಅಂಟಾಗಿರುವುದು ಸಾಮಾನ್ಯ. ಪಿನ್ ಎರಡು ಬೆರಳಿನಿಂದ ಎಳೆದರೆ ಜಾರಬೇಕು. ಹಾಗೆ ಜಾರದಿದ್ದರೆ ಒಂದೇ ಪ್ಯಾಡ್ ಸವೆಯುತ್ತದೆ, ಡಿಸ್ಕ್ ಒಂದೇ ಬದಿಯಲ್ಲಿ ಕಾಯುತ್ತದೆ. ಪಿನ್ನನ್ನು ಒರೆಸಿ, ರಬ್ಬರಿಗೆ ಹಾನಿ ಮಾಡದ ಸಿಲಿಕಾನ್ ಗ್ರೀಸನ್ನೇ ತೆಳ್ಳಗೆ ಹಚ್ಚಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಈ ರಬ್ಬರನ್ನು ಉಬ್ಬಿಸುತ್ತದೆ. ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿ ಕೂರುವ ಜಾಗದ ತುಕ್ಕನ್ನೂ ಕೆರೆದು ತೆಗೆಯಿರಿ. ಹೊಸ ಪ್ಯಾಡ್ ದಪ್ಪವಾಗಿರುವುದರಿಂದ ಪಿಸ್ಟನ್ನನ್ನು ಒಳಗೆ ತಳ್ಳಬೇಕು: ಹಳೆಯ ಪ್ಯಾಡನ್ನು ಪಿಸ್ಟನ್ನಿನ ಮುಂದಿಟ್ಟು ಸಿ-ಕ್ಲ್ಯಾಂಪಿನಿಂದ ಅತಿ ನಿಧಾನವಾಗಿ ಒತ್ತಿ. ಆಗ ಬಾನೆಟ್ಟಿನಡಿಯ ಡಬ್ಬದಲ್ಲಿ ಆಯಿಲ್ ಮೇಲೇರುತ್ತದೆ. ತುಳುಕುವ ಮೊದಲೇ ಸಿರಿಂಜಿನಿಂದ ಸ್ವಲ್ಪ ತೆಗೆಯಿರಿ. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಕೂಡಲೇ ಧಾರಾಳ ನೀರು ಹಾಕಿ.

ಜೋಡಿಸುವಾಗ ಬೋಲ್ಟ್‌ಗಳ ಬಿಗಿತವನ್ನು ಕೈಯ ಅಂದಾಜಿಗೆ ಬಿಡಬೇಡಿ. ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ. ಸಣ್ಣ ಕಾರುಗಳಲ್ಲಿ ಪಿನ್ ಬೋಲ್ಟ್ ಸುಮಾರು 25ರಿಂದ 35, ಬ್ರಾಕೆಟ್ ಬೋಲ್ಟ್ ಮತ್ತು ಚಕ್ರದ ನಟ್ ಸುಮಾರು 85ರಿಂದ 110 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುತ್ತವೆ. ಪಿನ್ ಬೋಲ್ಟನ್ನು ಬ್ರಾಕೆಟ್ಟಿನದಷ್ಟೇ ಬಲ ಹಾಕಿ ತಿರುಗಿಸಿದರೆ ತುಂಡಾಗುತ್ತದೆ. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಕೊಳ್ಳುವುದು ಈ ಕೆಲಸದ ಖರ್ಚಿನ ಭಾಗವೆಂದೇ ನಾನು ಎಣಿಸುತ್ತೇನೆ. ಚಕ್ರದ ನಟ್‌ಗಳನ್ನು ಒಂದರ ಎದುರಿನದು ಎಂಬ ಕ್ರಮದಲ್ಲಿ ಎರಡು ಹಂತಗಳಲ್ಲಿ ಬಿಗಿಗೊಳಿಸಿ. ಏರ್ ಗನ್ನಿನಿಂದ ಒಂದೇ ಉಸಿರಿಗೆ, ಒಂದೊಂದು ನಟ್ ಒಂದೊಂದು ರೀತಿ ಬಿಗಿಯಾದರೂ ಡಿಸ್ಕ್ ಓರೆಯಾಗಿ ಕೂರುತ್ತದೆ. ಇಷ್ಟು ಹೊತ್ತು ಪಟ್ಟ ಶ್ರಮವೆಲ್ಲ ವ್ಯರ್ಥ. ಪಂಕ್ಚರ್ ಹಾಕಿಸುವಾಗಲೂ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಕಾರು ಇಳಿಸಿದ ಮೇಲೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ಹಲವು ಸಲ ಒತ್ತಿ. ಹಿಂದೆ ಸರಿದ ಪಿಸ್ಟನ್ ಪ್ಯಾಡನ್ನು ಮುಟ್ಟುವ ತನಕ ಪೆಡಲ್ ನೆಲಕ್ಕೆ ಹೋಗುತ್ತದೆ, ಮೊದಲ ಒತ್ತಿಗೆ ಬ್ರೇಕ್ ಇರುವುದಿಲ್ಲ. ಗೇಟಿನಿಂದಾಚೆಗೆ ಇಳಿಜಾರಿರುವ ಮನೆಗಳಲ್ಲಿ ಇದನ್ನು ಮರೆತರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಯಿಲಿನ ಮಟ್ಟ ನೋಡಿ, ಅಂಗಳದ ಸಮತಟ್ಟಿನಲ್ಲೇ ನಡಿಗೆಯ ವೇಗದಲ್ಲಿ ಮುಂದೆ ಹಿಂದೆ ಹೋಗಿ ನಿಲ್ಲಿಸಿ ನೋಡಿ, ಬಳಿಕವೇ ರಸ್ತೆಗೆ ಇಳಿಯಿರಿ.

ಹೊಸ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಬೆಳಗಿನ ಹೊತ್ತು, ಹಿಂದೆ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ಗಂಟೆಗೆ 50 ಕಿಲೋಮೀಟರಿನಿಂದ 10ರ ತನಕ ಮಧ್ಯಮ ಒತ್ತಡದಲ್ಲಿ ವೇಗ ಇಳಿಸಿ; ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸಿ ಅರ್ಧ ನಿಮಿಷ ಗಾಳಿಯಾಡಲು ಬಿಟ್ಟು ಪುನಃ ಹಾಗೆ ಮಾಡಿ. ಹತ್ತು ಸಲವಾದರೆ ಸಾಕು. ಬಳಿಕ ಐದಾರು ಕಿಲೋಮೀಟರ್ ಬ್ರೇಕ್ ಹೆಚ್ಚು ಬಳಸದೆ ಓಡಿಸಿ ತಣಿಸಿ. ಡಿಸ್ಕ್ ಕಾದಿರುವಾಗ ಪೆಡಲ್ ಒತ್ತಿಕೊಂಡೇ ನಿಂತರೆ ಪ್ಯಾಡಿನ ವಸ್ತು ಒಂದೇ ಕಡೆ ಅಂಟಿ ನಡುಕಕ್ಕೆ ಬೀಜ ಬಿತ್ತಿದಂತಾಗುತ್ತದೆ. ಕಾದ ಡಿಸ್ಕಿಗೆ ಪೈಪಿನಿಂದ ನೀರು ಹಾರಿಸುವುದೂ ಬೇಡ. ಮೊದಲ ಮುನ್ನೂರು ಕಿಲೋಮೀಟರ್ ಘಾಟಿಯ ಕಡೆ ಹೋಗದಿದ್ದರೆ ಒಳಿತು.

ಮನೆಯಲ್ಲಿ ಮಾಡಬಾರದ ಸಂದರ್ಭಗಳೂ ಇವೆ. ಹಿಂದಿನ ಚಕ್ರಕ್ಕೂ ಡಿಸ್ಕ್ ಇದ್ದು ಹ್ಯಾಂಡ್‌ಬ್ರೇಕ್ ಅದರ ಕ್ಯಾಲಿಪರಿನಲ್ಲೇ ಇದ್ದರೆ ಪಿಸ್ಟನ್ನನ್ನು ತಿರುಗಿಸಿ ಒಳಗೆ ಹಾಕಬೇಕಾಗುತ್ತದೆ, ಕ್ಲ್ಯಾಂಪಿನಿಂದ ಒತ್ತಿದರೆ ಒಡೆಯುತ್ತದೆ. ಗುಂಡಿ ಒತ್ತುವ ವಿದ್ಯುತ್ ಹ್ಯಾಂಡ್‌ಬ್ರೇಕ್ ಆದರೆ ಸ್ಕ್ಯಾನರ್ ಜೋಡಿಸಿ ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಪಿಸ್ಟನ್ನಿನ ರಬ್ಬರ್ ಹರಿದು ಆಯಿಲ್ ಒಸರಿದ್ದರೆ, ಹೋಸ್ ಬಿರುಕುಬಿಟ್ಟಿದ್ದರೆ, ಕೆಲಸ ಮುಗಿದ ಮೇಲೂ ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಕಾರನ್ನು ಓಡಿಸದೆ ಮೆಕ್ಯಾನಿಕನ್ನೇ ಮನೆಗೆ ಕರೆಸಿ. ಬೋಲ್ಟಿನ ತಲೆ ಉರುಟಾದರೂ ಹಾಗೆಯೇ. ಬಲವಂತ ಮಾಡಿದರೆ ಬ್ರಾಕೆಟ್ ಕೂರುವ ನಕಲ್ಲಿನ ಥ್ರೆಡ್ ಹೋಗುತ್ತದೆ.

ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಬಳಿಕ ಚಕ್ರದ ನಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ. ಬ್ರೇಕ್ ಆಯಿಲ್ ಬದಲಾಯಿಸಿ ಎರಡು ವರ್ಷ ಕಳೆದಿದ್ದರೆ ಅದನ್ನೂ ಈ ಮಳೆಗಾಲಕ್ಕೆ ಮುನ್ನ ಮಾಡಿಸಿ. ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಿರುವಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಎಂಬುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಸಂಪಾಜೆಯ ತಿರುವುಗಳಲ್ಲಿ ಆಯಿಲ್ ಕುದಿದು ಆವಿಯಾದರೆ ಹೊಸ ಡಿಸ್ಕ್ ಇದ್ದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಮುಂದಿನ ಸಲ ಅಲ್ಲಿ ಇಳಿಯುವಾಗ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನಿಗೇ ಕಾರನ್ನು ತಡೆಯಲು ಬಿಡಿ. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಕೊಂಡಿರುವ ಬದಲು ತಿರುವಿಗೆ ಮುನ್ನ ಗಟ್ಟಿಯಾಗಿ ಒತ್ತಿ, ವೇಗ ಇಳಿದೊಡನೆ ಕಾಲು ತೆಗೆಯಿರಿ.